ಅಂಗಳದ ಹೂವನ್ನು ಬಟ್ಟೆಗೆ ಇಳಿಸುವುದು: ಹೊಸಬರಿಗೆ ಕೈಕಸೂತಿಯ ಪಾಠ

ಕೈಕಸೂತಿ ಕಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಬಗೆಯ ಹೊಲಿಗೆಗಳು ಗೊತ್ತಿರಬೇಕು ಎಂದು. ಹೊಲಿಗೆಗಳ ಹೆಸರನ್ನು ಪಟ್ಟಿ ಮಾಡುತ್ತ ಹೋದರೆ ಅದು ಸುಲಭವಾಗಿ ನೂರನ್ನು ದಾಟುತ್ತದೆ. ಆದರೆ ನಮ್ಮ ಅಂಗಳದಲ್ಲಿ, ಬೇಲಿಯಲ್ಲಿ, ದೇವರ ಮನೆಯ ಹೂಬುಟ್ಟಿಯಲ್ಲಿ ಕಾಣುವ ಬಹುತೇಕ ಹೂಗಳನ್ನು ಬಟ್ಟೆಯ ಮೇಲೆ ಮೂಡಿಸಲು ಐದಾರು ಹೊಲಿಗೆಗಳು ಸಾಕು. ಯಾವ ಹೂವಿಗೆ ಯಾವ ಹೊಲಿಗೆ ಎಂಬುದನ್ನು ಹೂವಿನ ಎಸಳೇ ಹೇಳುತ್ತದೆ. ಎಸಳು ಕಿರಿದಾಗಿ ಒಂದೊಂದೇ ಬಿಡಿಯಾಗಿದ್ದರೆ ಒಂದು ಹೊಲಿಗೆ, ಒತ್ತೊತ್ತಾಗಿ ಸುತ್ತಿಕೊಂಡಿದ್ದರೆ ಇನ್ನೊಂದು, ಅಗಲವಾಗಿ ಹರಡಿಕೊಂಡಿದ್ದರೆ ಮತ್ತೊಂದು. ಆದ್ದರಿಂದ ಸೂಜಿ ಹಿಡಿಯುವ ಮುಂಚೆ ಹೂವೊಂದನ್ನು ಅಂಗೈಯಲ್ಲಿಟ್ಟುಕೊಂಡು ಎರಡು ನಿಮಿಷ ನೋಡುವುದರಿಂದಲೇ ಈ ಪಾಠವನ್ನು ಆರಂಭಿಸುತ್ತಿದ್ದೇನೆ. ನಾನು ಆರಿಸಿಕೊಂಡಿರುವ ಮೊದಲ ಹೂ ಪಾರಿಜಾತ, ಕೊನೆಯದು ದಾಸವಾಳ.

ಮುಂದುವರಿಯುವ ಮೊದಲು ‘ಕಸೂತಿ’ ಎಂಬ ಮಾತಿನ ಬಗ್ಗೆ ಒಂದು ಸ್ಪಷ್ಟನೆ ಅಗತ್ಯ. ಧಾರವಾಡ ಸೀಮೆಯಲ್ಲಿ ಕಸೂತಿ ಎಂದರೆ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ, ಇಳಕಲ್ ಸೀರೆಯ ಸೆರಗಿನಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ, ಕಮಲಗಳನ್ನು ಮೂಡಿಸುವ ವಿಶಿಷ್ಟ ಕಲೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಆ ಕೆಲಸಕ್ಕೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಲೆಕ್ಕವೇ ಅದರ ಚಿತ್ರ. ಅಲ್ಲಿನ ಹೂಗಳು ನೇರ ಗೆರೆ ಮತ್ತು ಓರೆ ಗೆರೆಗಳಿಂದ ಕಟ್ಟಿದವು. ಇಲ್ಲಿ ಹೇಳುತ್ತಿರುವುದು ಅದನ್ನಲ್ಲ. ಬಟ್ಟೆಯ ಮೇಲೆ ಹೂವಿನ ಗೆರೆ ಬರೆದುಕೊಂಡು, ಆ ಗೆರೆಯನ್ನು ದಾರದಿಂದ ತುಂಬುವ, ಶಾಲೆಯ ಹೊಲಿಗೆ ತರಗತಿಗಳಲ್ಲಿ ಕಲಿಸುತ್ತಿದ್ದ ಸಾಮಾನ್ಯ ಕೈಕಸೂತಿಯನ್ನು. ಎರಡಕ್ಕೂ ಕನ್ನಡದಲ್ಲಿ ಒಂದೇ ಹೆಸರಿರುವುದರಿಂದ ಹೊಸಬರು ಗೊಂದಲಕ್ಕೆ ಬೀಳುವುದುಂಟು.

ಬೇಕಾದ ಸಾಮಾನು

ಬಟ್ಟೆಯ ವಿಷಯದಲ್ಲಿ ಜಿಪುಣತನ ಬೇಡ, ದುಂದೂ ಬೇಡ. ಒತ್ತಾಗಿ ನೇಯ್ದ ಹತ್ತಿಯ ಪಾಪ್ಲಿನ್ ಅಥವಾ ತುಸು ದಪ್ಪನೆಯ ಕೋರಾ ಬಟ್ಟೆ ಮೊದಲ ಕೆಲಸಕ್ಕೆ ಉತ್ತಮ. ಹನ್ನೆರಡು ಇಂಚು ಉದ್ದ, ಹನ್ನೆರಡು ಇಂಚು ಅಗಲದ ತುಂಡೊಂದು ಸಾಕು. ಅಂಗಡಿಯವರು ಕಸೂತಿಗೆಂದು ಕೊಡುವ ಮ್ಯಾಟಿ ಬಟ್ಟೆಯನ್ನು ನಾನು ಈ ಕೆಲಸಕ್ಕೆ ಒಪ್ಪುವುದಿಲ್ಲ; ಅದರ ನೇಯ್ಗೆ ಬಿಡಿಬಿಡಿಯಾಗಿರುವುದರಿಂದ ಅಡ್ಡಹೊಲಿಗೆಗೆ, ಅಂದರೆ ಕ್ರಾಸ್ ಸ್ಟಿಚ್‌ಗೆ, ಅದು ಸರಿಹೊಂದುತ್ತದೆಯೇ ಹೊರತು, ಸೂಜಿಯನ್ನು ಬೇಕಾದ ಜಾಗದಲ್ಲೇ ಇಳಿಸಬೇಕಾದ ಸಣ್ಣ ಹೂವಿಗೆ ಹೊಂದುವುದಿಲ್ಲ. ನೈಲಾನ್ ಮಿಶ್ರಿತ ಬಟ್ಟೆ ಜಾರುತ್ತದೆ, ಜಾರ್ಜೆಟ್ ಹೊಸಬರ ತಾಳ್ಮೆಯನ್ನೇ ಕೆಡಿಸುತ್ತದೆ. ಯಾವ ಬಟ್ಟೆಯಾದರೂ ಮೊದಲು ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಬೇಕು. ಹೊಸ ಹತ್ತಿ ಬಟ್ಟೆ ಒಗೆತಕ್ಕೆ ಕುಗ್ಗುತ್ತದೆ. ಕಸೂತಿ ಹಾಕಿದ ಮೇಲೆ ಅದು ಕುಗ್ಗಿದರೆ ದಾರ ಕುಗ್ಗದೆ ಹೂವಿನ ಸುತ್ತ ಸುಕ್ಕು ಬೀಳುತ್ತದೆ.

ಕಸೂತಿ ದಾರ ಲಡಿಗಳಲ್ಲಿ ಸಿಗುತ್ತದೆ. ಒಂದು ಲಡಿಯಲ್ಲಿ ಸುಮಾರು 8 ಮೀಟರ್ ದಾರವಿರುತ್ತದೆ, ಆ ದಾರ 6 ಬಿಡಿ ಎಳೆಗಳಿಂದ ಕೂಡಿರುತ್ತದೆ. ನಮ್ಮಲ್ಲಿ ಆಂಕರ್ ದಾರ ಹೆಚ್ಚಿನ ಊರುಗಳ ಅಂಗಡಿಗಳಲ್ಲಿ ದೊರೆಯುತ್ತದೆ. 1746ರಲ್ಲಿ, ಈಗ ಫ್ರಾನ್ಸಿನಲ್ಲಿರುವ ಮುಲೂಸ್ ಪಟ್ಟಣದಲ್ಲಿ ಆರಂಭವಾದ ಡಿಎಂಸಿ ಸಂಸ್ಥೆಯ ದಾರ ತುಸು ದುಬಾರಿ. ಲಡಿಯ ಮೇಲಿನ ಕಾಗದದ ಪಟ್ಟಿಯಲ್ಲಿ ಬಣ್ಣದ ಸಂಖ್ಯೆ ಮುದ್ರಿತವಾಗಿರುತ್ತದೆ. ಡಿಎಂಸಿಯಲ್ಲಿ 310 ಎಂದರೆ ಕಪ್ಪು, 321 ಎಂದರೆ ಕೆಂಪು. ಈ ಪಟ್ಟಿಯನ್ನು ಎಸೆಯದೆ ಇಟ್ಟುಕೊಳ್ಳಬೇಕು, ಏಕೆಂದರೆ ಅರ್ಧ ಎಸಳಿನಲ್ಲಿ ದಾರ ಮುಗಿದಾಗ ‘ಅದೇ ಕೆಂಪು ಕೊಡಿ’ ಎಂದು ಕೇಳಿ ತಂದ ಕೆಂಪು ಎಂದೂ ಅದೇ ಕೆಂಪಾಗಿರುವುದಿಲ್ಲ.

ಸೂಜಿಗಳಲ್ಲಿ ಸಂಖ್ಯೆ ಹೆಚ್ಚಿದಂತೆ ಸೂಜಿ ಸಣ್ಣದಾಗುತ್ತದೆ ಎಂಬುದು ನೆನಪಿರಲಿ. ಕಸೂತಿ ಸೂಜಿಯ ಕಣ್ಣು ಸಾಮಾನ್ಯ ಹೊಲಿಗೆ ಸೂಜಿಯದಕ್ಕಿಂತ ಉದ್ದವಾಗಿರುತ್ತದೆ. ಎರಡು ಎಳೆ ದಾರಕ್ಕೆ 8ನೇ ಸಂಖ್ಯೆಯ ಸೂಜಿ, ಮೂರು ಎಳೆಗೆ 7, ಒಂದೇ ಎಳೆಗೆ 10 ಹೊಂದುತ್ತದೆ. ಇವುಗಳ ಜೊತೆಗೆ ಮೊನೆ ಮೊಂಡಾದ ಒಂದು ಸೂಜಿಯೂ ಇರಲಿ, ಗುಲಾಬಿಗೆ ಬೇಕಾಗುತ್ತದೆ. ಬಟ್ಟೆಯನ್ನು ಎರಡು ಬಳೆಗಳ ನಡುವೆ ಬಿಗಿಯಾಗಿ ಹಿಡಿದಿಡುವ ರಿಂಗು ಆರು ಇಂಚಿನದಾಗಿರಲಿ. ಅದಕ್ಕಿಂತ ದೊಡ್ಡದಾದರೆ ಬೆರಳು ಬಟ್ಟೆಯ ನಡುವಿಗೆ ಎಟುಕುವುದಿಲ್ಲ. ಮರದ ಅಥವಾ ಬಿದಿರಿನ ರಿಂಗಿನ ಒಳಬಳೆಗೆ ಹಳೆಯ ಹತ್ತಿ ಬಟ್ಟೆಯ ಸಣ್ಣ ಪಟ್ಟಿಯನ್ನು ಒತ್ತಾಗಿ ಸುತ್ತಿ ತುದಿ ಹೊಲಿದುಬಿಟ್ಟರೆ ಬಟ್ಟೆ ಜಾರುವುದಿಲ್ಲ, ಗುರುತೂ ಬೀಳುವುದಿಲ್ಲ. ಚೂಪಾದ ಸಣ್ಣ ಕತ್ತರಿ ಒಂದಿದ್ದರೆ ಸಾಮಾನು ಪೂರ್ತಿಯಾಯಿತು.

ಚಿತ್ರ ಬರೆದುಕೊಳ್ಳುವುದು

ಪಾರಿಜಾತವನ್ನು ಮೊದಲ ಹೂವಾಗಿ ಆರಿಸಲು ಕಾರಣಗಳಿವೆ. ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ತಾನೇ ಉದುರುವ ಈ ಹೂವಿಗೆ ಐದರಿಂದ ಎಂಟು ಬಿಳಿ ಎಸಳು, ನಡುವೆ ಕೇಸರಿ ಬೊಟ್ಟು, ಕೆಳಗೆ ಕೇಸರಿ ತೊಟ್ಟು. ಎಸಳುಗಳು ಕಿರಿದಾಗಿ, ಬಿಡಿಬಿಡಿಯಾಗಿ, ಎಲ್ಲವೂ ಒಂದೇ ಕಡೆಗೆ ವಾಲಿ ಕಾಗದದ ಗಿರಗಿಟ್ಲೆಯಂತೆ ಕಾಣುತ್ತವೆ. ಒಂದೆರಡು ಎಸಳು ಹೆಚ್ಚುಕಡಿಮೆಯಾದರೂ, ಸೊಟ್ಟಗಾದರೂ ಹೂವಿನ ಗುರುತು ಕೆಡುವುದಿಲ್ಲ. ಹೊಸಬರಿಗೆ ಇದಕ್ಕಿಂತ ಉದಾರವಾದ ಹೂವನ್ನು ನಾನು ಕಂಡಿಲ್ಲ. ಮರ ಹತ್ತಿರವಿದ್ದವರು ಬೆಳಿಗ್ಗೆ ಏಳೆಂಟು ಹೂಗಳನ್ನು ಆರಿಸಿ ತಂದು ಕಾಗದದ ಮೇಲೆ ಸುಮ್ಮನೆ ಚೆಲ್ಲಿ, ಬಿದ್ದಂತೆಯೇ ಗೆರೆ ಹಾಕಿಕೊಳ್ಳಬಹುದು. ಕೆಲವು ಅಂಗಾತ ಬೀಳುತ್ತವೆ, ಕೆಲವು ಕವುಚಿ ಬಿದ್ದು ಕೇಸರಿ ತೊಟ್ಟನ್ನು ಮೇಲೆತ್ತಿ ತೋರಿಸುತ್ತವೆ. ಈ ಎರಡು ಭಂಗಿಗಳ ಬೆರಕೆಯೇ ಚಿತ್ರಕ್ಕೆ ಜೀವ ಕೊಡುತ್ತದೆ. ಹೂವೊಂದು ಸುಮಾರು ಎರಡೂವರೆ ಸೆಂಟಿಮೀಟರ್ ಅಗಲವಿರಲಿ. ನಡುವೆ ಒಂದು ಸಣ್ಣ ಟೊಂಗೆ, ಅದರಲ್ಲಿ ಎದುರುಬದುರಾಗಿ ಎರಡು ಜೋಡಿ ಎಲೆ ಬರೆದರೆ ಸಾಕು.

ಬಿಳಿ ಹೂವಿಗೆ ಬಿಳಿ ಬಟ್ಟೆ ಸಲ್ಲದು ಎಂದು ಬೇರೆ ಹೇಳಬೇಕಾಗಿಲ್ಲವೆಂದು ತೋರಬಹುದು, ಆದರೆ ನನ್ನ ಮೊದಲ ಮಲ್ಲಿಗೆ ದಂಡೆಯನ್ನು ನಾನು ಹಾಕಿದ್ದು ಬಿಳಿ ಕರವಸ್ತ್ರದ ಮೇಲೆಯೇ. ಮನೆಯವರು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ಹುಡುಕಬೇಕಾಯಿತು. ಪಾರಿಜಾತಕ್ಕೆ ಗಾಢ ಹಸಿರು, ನೀಲಿ ಅಥವಾ ಕಂದು ಬಟ್ಟೆ ಒಪ್ಪುತ್ತದೆ. ಗಾಢ ಬಟ್ಟೆಗೆ ಚಿತ್ರ ಇಳಿಸಲು ಹಳದಿ ಅಥವಾ ಬಿಳಿ ಕಾರ್ಬನ್ ಕಾಗದವನ್ನು ಬಟ್ಟೆ ಮತ್ತು ಚಿತ್ರದ ನಡುವೆ ಇಟ್ಟು, ರೀಫಿಲ್ ಮುಗಿದ ಪೆನ್ನಿನಿಂದ ಒತ್ತಿ ತಿದ್ದಬೇಕು. ತೆಳು ಬಣ್ಣದ ಬಟ್ಟೆಯಾದರೆ ಕಿಟಕಿಯ ಗಾಜಿಗೆ ಚಿತ್ರವನ್ನೂ ಅದರ ಮೇಲೆ ಬಟ್ಟೆಯನ್ನೂ ಅಂಟಿಸಿ ಪೆನ್ಸಿಲಿನಿಂದ ಹಗುರವಾಗಿ ಬರೆದುಕೊಂಡರಾಯಿತು. ಒಂದೇ ಚಿತ್ರವನ್ನು ಹತ್ತಾರು ಬಾರಿ ಇಳಿಸಬೇಕಾದ ಕೆಲಸಗಾರರು ಟ್ರೇಸಿಂಗ್ ಕಾಗದದ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಸೀಮೆಎಣ್ಣೆಯಲ್ಲಿ ಕಲಸಿದ ಬಣ್ಣದ ಪುಡಿಯನ್ನು ಅದರ ಮೇಲೆ ಒರೆಸಿ ಚಿತ್ರ ಮೂಡಿಸುತ್ತಾರೆ. ಒಂದು ತುಂಡಿಗೆ ಅಷ್ಟು ಸಾಹಸ ಅನಗತ್ಯ. ನೀರಿಗೆ ಅಳಿಸಿಹೋಗುವ ನೀಲಿ ಪೆನ್ನು ಬಳಸುವವರು ಒಂದು ಮಾತನ್ನು ಮರೆಯಬಾರದು: ಗೆರೆಯನ್ನು ತಣ್ಣೀರಿನಲ್ಲಿ ಸಂಪೂರ್ಣ ತೊಳೆಯುವ ಮುನ್ನ ಇಸ್ತ್ರಿ ಪೆಟ್ಟಿಗೆ ತಾಗಿಸಿದರೆ ಆ ಬಣ್ಣ ಬಟ್ಟೆಯಲ್ಲೇ ನೆಲೆಯೂರಬಹುದು. ನನ್ನ ಒಂದು ದಿಂಬಿನ ಚೀಲದಲ್ಲಿ ಆ ಗೆರೆಗಳು ಇಂದಿಗೂ ಇವೆ.

ದಾರ ಹಿಡಿಯುವ ಕ್ರಮ

ಹೊಸಬರ ಕೆಲಸ ಕೆಡುವುದು ಹೆಚ್ಚಾಗಿ ಹೊಲಿಗೆ ತಪ್ಪಿ ಅಲ್ಲ, ದಾರ ಉದ್ದವಾಗಿ. ಪದೇ ಪದೇ ಪೋಣಿಸುವ ಬೇಸರಕ್ಕೆ ಎರಡು ಮೂರು ಮೊಳ ದಾರ ಕತ್ತರಿಸಿಕೊಂಡರೆ ಅದು ಬಟ್ಟೆಯೊಳಗೆ ನೂರಾರು ಸಲ ಹಾದು ಹೊಳಪು ಕಳೆದುಕೊಳ್ಳುತ್ತದೆ, ನವಿರೇಳುತ್ತದೆ, ಗಂಟುಬೀಳುತ್ತದೆ. ದಾರದ ಅಳತೆ ಒಂದು ಮೊಳ, ಅಂದರೆ ಸುಮಾರು 45 ಸೆಂಟಿಮೀಟರ್. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಹಿಡಿದು ಕತ್ತರಿಸಿದರೆ ಟೇಪು ಬೇಕಾಗುವುದಿಲ್ಲ. ಹೂ ಮಾರುವವರು ಮಾಲೆ ಅಳೆಯುವ ಕ್ರಮವೇ ಇಲ್ಲಿಯೂ ನಡೆಯುತ್ತದೆ.

ಕತ್ತರಿಸಿದ ದಾರದಿಂದ ಎಳೆಗಳನ್ನು ಬಿಡಿಸುವಾಗ ಎರಡನ್ನೋ ಮೂರನ್ನೋ ಒಟ್ಟಿಗೆ ಸೀಳಲು ಹೋಗಬಾರದು, ಕೆಳಗೆ ಸಿಕ್ಕಾಗುತ್ತದೆ. ಒಂದು ಕೈಯಲ್ಲಿ ದಾರದ ತುದಿಯನ್ನು ಸಡಿಲವಾಗಿ ಹಿಡಿದು ಇನ್ನೊಂದು ಕೈಯಿಂದ ಒಂದೇ ಎಳೆಯನ್ನು ನೇರವಾಗಿ ಮೇಲಕ್ಕೆ ಎಳೆಯಬೇಕು. ಉಳಿದ ಎಳೆಗಳು ಮುದ್ದೆಯಾದಂತೆ ಕಂಡರೂ ಆ ಎಳೆ ಹೊರಬಂದೊಡನೆ ತಾವಾಗಿ ನೇರವಾಗುತ್ತವೆ. ಹೀಗೆ ಒಂದೊಂದಾಗಿ ತೆಗೆದ ಎರಡು ಎಳೆಗಳನ್ನು ಮತ್ತೆ ಜೋಡಿಸಿ ಪೋಣಿಸಿದರೆ ಅವು ಬಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಚಪ್ಪಟೆಯಾಗಿ ಮಲಗುತ್ತವೆ. ಕೆಲಸ ಮಾಡುತ್ತಿದ್ದಂತೆ ದಾರ ಹುರಿಗೊಳ್ಳುವುದು ಸಹಜ. ಆಗ ಬಟ್ಟೆಯನ್ನು ತಲೆಕೆಳಗಾಗಿ ಹಿಡಿದು ಸೂಜಿಯನ್ನು ಗಾಳಿಯಲ್ಲಿ ತೂಗಬಿಟ್ಟರೆ ಅದು ತಾನೇ ಸುತ್ತಿ ಹುರಿ ಬಿಚ್ಚಿಕೊಳ್ಳುತ್ತದೆ.

ದಾರದ ತುದಿಗೆ ಗಂಟು ಹಾಕುವ ಅಭ್ಯಾಸವನ್ನು ಮೊದಲ ದಿನವೇ ಬಿಡುವುದು ಒಳ್ಳೆಯದು. ಇಸ್ತ್ರಿ ಮಾಡಿದಾಗ ಗಂಟು ಮುಖಭಾಗದಲ್ಲಿ ಉಬ್ಬಿ ತೋರುತ್ತದೆ, ಒಗೆತದಲ್ಲಿ ಬಿಚ್ಚಿಕೊಳ್ಳುತ್ತದೆ. ಎರಡು ಎಳೆಯ ಕೆಲಸಕ್ಕೆ ಒಂದು ಸೊಗಸಾದ ಉಪಾಯವಿದೆ. ಎರಡು ಮೊಳ ಉದ್ದದ ಒಂದೇ ಎಳೆಯನ್ನು ಮಧ್ಯಕ್ಕೆ ಮಡಚಿ, ಎರಡೂ ತುದಿಗಳನ್ನು ಸೂಜಿಯ ಕಣ್ಣಿಗೆ ಪೋಣಿಸಿದರೆ ಇನ್ನೊಂದು ಕೊನೆಯಲ್ಲಿ ಕುಣಿಕೆ ಉಳಿಯುತ್ತದೆ. ಸೂಜಿ ಮೇಲೆ ಬಂದು ಒಂದು ಪುಟ್ಟ ಹೊಲಿಗೆ ಹಾಕಿ ಹಿಂಬದಿಗೆ ಇಳಿದಾಗ ಅದನ್ನು ಆ ಕುಣಿಕೆಯೊಳಗೆ ತೂರಿಸಿ ಮೆಲ್ಲಗೆ ಎಳೆದರೆ ಗಂಟಿಲ್ಲದೆಯೇ ದಾರ ಭದ್ರವಾಗುತ್ತದೆ. ಮೂರು ಎಳೆಯಾದರೆ ಎರಡಿಂಚು ದಾರವನ್ನು ಹಿಂಬದಿಯಲ್ಲಿ ಸುಮ್ಮನೆ ಬಿಟ್ಟು ಆರಂಭಿಸಿ, ಆಮೇಲೆ ಅದನ್ನು ಹೊಲಿಗೆಗಳ ಅಡಿಯಲ್ಲಿ ತೂರಿಸಬಹುದು. ಮುಗಿಸುವಾಗಲೂ ಹಿಂಬದಿಯ ಮೂರು ನಾಲ್ಕು ಹೊಲಿಗೆಗಳ ಕೆಳಗೆ ಸೂಜಿ ಹಾಯಿಸಿ ಕತ್ತರಿಸಬೇಕು. ಒಂದು ಹೂವಿನಿಂದ ಇನ್ನೊಂದಕ್ಕೆ ಹಿಂಬದಿಯಲ್ಲಿ ಉದ್ದ ದಾರ ಹಾಯಿಸಿಕೊಂಡು ಹೋಗುವುದು ಸೋಮಾರಿತನ. ಒಂದು ಸೆಂಟಿಮೀಟರಿಗಿಂತ ಹೆಚ್ಚು ದೂರವಿದ್ದರೆ ಕತ್ತರಿಸಿ ಹೊಸದಾಗಿ ಆರಂಭಿಸುವುದೇ ಸರಿ.

ಬಟ್ಟೆಯನ್ನು ರಿಂಗಿಗೆ ಹಾಕಿ ಎಳೆಯುವಾಗ ನೇಯ್ಗೆಯ ಉದ್ದಕ್ಕೆ ಮತ್ತು ಅಡ್ಡಕ್ಕೆ ಎಳೆಯಬೇಕೇ ವಿನಾ ಮೂಲೆಯಿಂದ ಮೂಲೆಗೆ ಎಳೆಯಬಾರದು. ಓರೆಗೆ ಎಳೆದ ಬಟ್ಟೆಯಲ್ಲಿ ದುಂಡಾಗಿ ಹೊಲಿದ ಹೂ, ರಿಂಗು ತೆಗೆದ ಕೂಡಲೇ ಮೊಟ್ಟೆಯಾಕಾರ ತಾಳುತ್ತದೆ. ಬೆರಳಿನಿಂದ ತಟ್ಟಿದರೆ ತಮಟೆಯಂತೆ ಸದ್ದು ಬಂದರೆ ಬಿಗಿ ಸರಿಯಾಗಿದೆ. ದಿನದ ಕೆಲಸ ಮುಗಿದಾಗ ರಿಂಗನ್ನು ತೆಗೆದಿಡಬೇಕು.

ಟೊಂಗೆ ಮೊದಲು, ಹೂ ಆಮೇಲೆ

ಹೂವಿನ ಮೇಲಿನ ಆಸೆಯಿಂದ ಎಲ್ಲರೂ ಹೂವಿನಿಂದಲೇ ಆರಂಭಿಸುತ್ತಾರೆ. ಟೊಂಗೆಯನ್ನು ಮೊದಲು ಹಾಕಿದರೆ ಅದರ ತುದಿಯನ್ನು ಹೂವಿನ ಎಸಳು ಮುಚ್ಚಿಕೊಳ್ಳುತ್ತದೆ, ಹೂ ನಿಜಕ್ಕೂ ಟೊಂಗೆಯಿಂದ ಹೊರಟಂತೆ ಕಾಣುತ್ತದೆ. ಆಮೇಲೆ ಹಾಕಿದ ಟೊಂಗೆ ಹೂವಿಗೆ ಅಂಟಿಸಿದ ಕಡ್ಡಿಯಂತೆ ಉಳಿಯುತ್ತದೆ. ಟೊಂಗೆಗೆ ಕಾಂಡದ ಹೊಲಿಗೆ, ಅಂದರೆ ಸ್ಟೆಮ್ ಸ್ಟಿಚ್, ಮೂರು ಎಳೆಯಲ್ಲಿ. ಬಲಗೈಯವರು ಎಡದಿಂದ ಬಲಕ್ಕೆ ಸಾಗಬೇಕು. ಗೆರೆಯ ಆರಂಭದಲ್ಲಿ ಸೂಜಿಯನ್ನು ಮೇಲೆ ತಂದು, ನಾಲ್ಕು ಮಿಲಿಮೀಟರ್ ಮುಂದೆ ಇಳಿಸಿ, ಆ ದೂರದ ಅರ್ಧಕ್ಕೆ ಹಿಂದಿರುಗಿ ಮತ್ತೆ ಮೇಲೆ ಬರಬೇಕು. ಹೀಗೆ ಬರುವಾಗ ದಾರ ಯಾವಾಗಲೂ ಗೆರೆಯ ಕೆಳಬದಿಯಲ್ಲಿರಬೇಕು. ಮುಂದಿನ ಹೊಲಿಗೆ ಅಷ್ಟೇ ಉದ್ದಕ್ಕೆ ಮುಂದೆ ಇಳಿದು, ಹಿಂದಿನ ಹೊಲಿಗೆ ಮುಗಿದ ತೂತಿನಲ್ಲೇ ಮೇಲೆ ಬರುತ್ತದೆ. ಹತ್ತು ಹೊಲಿಗೆ ಮುಗಿಯುವಷ್ಟರಲ್ಲಿ ಹಗ್ಗ ಹೊಸೆದಂತಹ ಗೆರೆ ಕಾಣತೊಡಗುತ್ತದೆ. ದಾರ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆದರೆ ಆ ಹೊಸೆತ ಒಡೆದು ಗೆರೆ ಹಲ್ಲುಹಲ್ಲಾಗುತ್ತದೆ. ಗೆರೆ ಕೆಟ್ಟದ್ದಕ್ಕೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. ಟೊಂಗೆ ಬಾಗುವ ಕಡೆ ಹೊಲಿಗೆಯನ್ನು ಎರಡು ಮಿಲಿಮೀಟರಿಗೆ ಇಳಿಸಬೇಕು.

ಎಲೆಗೆ ಮೀನುಮೂಳೆ ಹೊಲಿಗೆ. ಎಲೆಯ ತುದಿಯಿಂದ ನಡುನರದ ಮೇಲೆ ಒಂದು ನೇರ ಹೊಲಿಗೆ ಹಾಕಿ, ಬಳಿಕ ಎಡ ಅಂಚಿನಿಂದ ಎದ್ದು ನರವನ್ನು ತುಸು ದಾಟಿ ಬಲಕ್ಕೆ ಇಳಿಯುವುದು, ಬಲ ಅಂಚಿನಿಂದ ಎದ್ದು ನರವನ್ನು ತುಸು ದಾಟಿ ಎಡಕ್ಕೆ ಇಳಿಯುವುದು, ಹೀಗೆ ಬುಡದವರೆಗೆ. ನಡುವೆ ದಾರಗಳು ಒಂದರ ಮೇಲೊಂದು ಹೆಣೆದುಕೊಂಡು ನರ ತಾನೇ ಮೂಡುತ್ತದೆ. ಹೊಲಿಗೆಗಳು ತುದಿಯತ್ತ ಚೂಪಾಗಿ ಓರೆಯಾಗಿರಬೇಕು; ಅಡ್ಡಡ್ಡ ಮಲಗಿದರೆ ಎಲೆ ಕಂಬಳಿಹುಳುವಾಗುತ್ತದೆ.

ಈಗ ಎಸಳು. ಲೇಜಿ ಡೇಜಿ ಎಂದು ಎಲ್ಲರೂ ಕರೆಯುವ ಈ ಹೊಲಿಗೆ ಸರಪಳಿ ಹೊಲಿಗೆಯ ಒಂದೇ ಒಂದು ಬಿಡಿ ಕೊಂಡಿ. ಎರಡು ಎಳೆ ಬಿಳಿ ದಾರದ ಸೂಜಿಯನ್ನು ಹೂವಿನ ನಡುವಿನ ಬಳಿ ಮೇಲೆ ತಂದು, ಅದೇ ತೂತಿನಲ್ಲಿ ಅಥವಾ ಅದರ ಮಗ್ಗುಲಲ್ಲೇ ಇಳಿಸಿ, ದಾರವನ್ನು ಪೂರ್ತಿ ಎಳೆಯದೆ ಕುಣಿಕೆ ಉಳಿಸಿಕೊಳ್ಳಬೇಕು. ಎಸಳಿನ ತುದಿಯಲ್ಲಿ ಸೂಜಿಯನ್ನು ಕುಣಿಕೆಯ ಒಳಗಿನಿಂದ ಮೇಲೆ ತಂದು, ದಾರವನ್ನು ಮೆಲ್ಲಗೆ ಎಸಳಿನ ದಿಕ್ಕಿಗೇ ಎಳೆದು, ಕುಣಿಕೆಯ ಹೊರಗೆ ಒಂದು ಪುಟ್ಟ ಹೊಲಿಗೆಯಿಂದ ಅದನ್ನು ಕಟ್ಟಿಹಾಕಬೇಕು. ಬಿಗಿಯಾಗಿ ಎಳೆದರೆ ಎಸಳು ಕಡ್ಡಿಯಾಗುತ್ತದೆ. ಕುಣಿಕೆಯ ನಡುವೆ ಬಟ್ಟೆ ಕಾಣುತ್ತಿದ್ದು, ದಾರ ಬಟ್ಟೆಯ ಮೇಲೆ ಒರಗಿದ್ದರೆ ಸಾಕು. ಪಾರಿಜಾತದ ಎಸಳಿನ ತುದಿ ಚೂಪಲ್ಲ, ಅಗಲವಾಗಿ ನಡುವೆ ಸೀಳಿದಂತಿರುತ್ತದೆ. ಅದಕ್ಕಾಗಿ ಕುಣಿಕೆಯನ್ನು ತುದಿಯಲ್ಲಿ ಒಂದು ಕಡೆ ಕಟ್ಟುವ ಬದಲು ಒಂದೂವರೆ ಮಿಲಿಮೀಟರ್ ಅಂತರದಲ್ಲಿ ಎರಡು ಕಡೆ ಕಟ್ಟಿದರೆ ಎಸಳು ಅಗಲಗೊಳ್ಳುತ್ತದೆ. ಕುಣಿಕೆಯ ಒಳಗೆ ಒಂದು ನೇರ ಹೊಲಿಗೆ ಹಾಕಿದರೆ ಎಸಳು ತುಂಬಿಕೊಳ್ಳುತ್ತದೆ. ಆರು ಎಸಳನ್ನು ಒಂದರ ಪಕ್ಕ ಒಂದಾಗಿ ಸುತ್ತಿ ಬರುವ ಬದಲು ಮೊದಲು ಎದುರುಬದುರಿನ ಎರಡನ್ನು ಹಾಕಿ, ಉಳಿದವನ್ನು ನಡುವಿನ ಜಾಗಗಳಲ್ಲಿ ಹಂಚಿದರೆ ಕೊನೆಯ ಎಸಳಿಗೆ ಜಾಗ ಸಾಲದೆ ಹೋಗುವ ಪೇಚು ತಪ್ಪುತ್ತದೆ. ಕವುಚಿ ಬಿದ್ದ ಹೂವಿಗೆ ನಡುವಿನಿಂದ ಕೇಸರಿ ತೊಟ್ಟನ್ನು ಒಂದೇ ಉದ್ದ ನೇರ ಹೊಲಿಗೆಯಲ್ಲಿ, ಮೂರು ಎಳೆಯಿಂದ ಎಳೆದರೆ ಸಾಕು.

ಅಂಗಾತ ಬಿದ್ದ ಹೂವಿನ ನಡುವಿಗೆ ಕೇಸರಿ ಗಂಟು, ಫ್ರೆಂಚ್ ನಾಟ್. ಇದು ಹೊಸಬರ ಕೈಯಲ್ಲಿ ಎರಡು ರೀತಿಯಲ್ಲಿ ತಪ್ಪುತ್ತದೆ: ಒಂದೋ ಗಂಟು ತೂತಿನೊಳಗೆ ಜಾರಿ ಹಿಂಬದಿಗೆ ಹೋಗಿಬಿಡುತ್ತದೆ, ಇಲ್ಲವೇ ಸಡಿಲಗೊಂಡು ಕುಣಿಕೆಯಾಗಿ ನಿಲ್ಲುತ್ತದೆ. ಮೊದಲನೆಯದಕ್ಕೆ ಕಾರಣ ಮೇಲೆ ಬಂದ ತೂತಿನಲ್ಲೇ ಸೂಜಿಯನ್ನು ಇಳಿಸುವುದು. ಬಟ್ಟೆಯ ಒಂದೆರಡು ಎಳೆಯಷ್ಟು ಪಕ್ಕಕ್ಕೆ ಇಳಿಸಬೇಕು. ಎರಡನೆಯದಕ್ಕೆ ಕಾರಣ ಎಡಗೈ ದಾರವನ್ನು ಬೇಗ ಬಿಟ್ಟುಬಿಡುವುದು. ಕ್ರಮ ಹೀಗೆ: ಸೂಜಿ ಮೇಲೆ ಬಂದ ಮೇಲೆ ದಾರವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಸೂಜಿಗೆ ಎರಡು ಸುತ್ತು ಸುತ್ತಿ, ಮೊನೆಯನ್ನು ಪಕ್ಕದಲ್ಲಿ ಬಟ್ಟೆಗೆ ಚುಚ್ಚಿ, ಸುತ್ತುಗಳನ್ನು ಬಟ್ಟೆಗೆ ತಾಗುವಂತೆ ಕೆಳಕ್ಕೆ ಸರಿಸಿ, ದಾರದ ಬಿಗಿಯನ್ನು ಬಿಡದೆಯೇ ಸೂಜಿಯನ್ನು ಹಿಂಬದಿಗೆ ಎಳೆದು, ಕೊನೆಯ ಎರಡಿಂಚು ಉಳಿದಾಗ ಮಾತ್ರ ಎಡಗೈಯನ್ನು ಸಡಿಲಿಸಬೇಕು. ಇದಕ್ಕೆ ಎರಡೂ ಕೈ ಬೇಕಾಗುವುದರಿಂದ ರಿಂಗನ್ನು ಮೇಜಿನ ಅಂಚಿಗೋ ಮೊಣಕಾಲಿಗೋ ಒರಗಿಸಿಕೊಳ್ಳುವುದು ಅನುಕೂಲ. ಗಂಟು ದಪ್ಪವಾಗಬೇಕಾದರೆ ಎಳೆಗಳನ್ನು ಹೆಚ್ಚಿಸಬೇಕು, ಸುತ್ತುಗಳನ್ನಲ್ಲ; ನಾಲ್ಕೈದು ಸುತ್ತಿನ ಗಂಟು ಒಂದು ಬದಿಗೆ ವಾಲುತ್ತದೆ. ಲಖನೌದ ‘ಚಿಕನ್’ ಎಂಬ ಕಸೂತಿಯಲ್ಲಿ ಇಂಥ ಉಬ್ಬು ಗಂಟುಗಳಲ್ಲಿಯೇ ನವಣೆಯಂಥ ಸಣ್ಣ ಕಾಳಿನ ಆಕಾರದ ‘ಫಂದಾ’, ಅಕ್ಕಿಕಾಳಿನ ಆಕಾರದ ‘ಮುರ್ರಿ’ ಎಂದು ಬೇರೆಬೇರೆ ಹೆಸರುಗಳಿವೆ; ಹೂವಿನ ನಡು ಎಷ್ಟು ಮುಖ್ಯವೆಂದು ಅದನ್ನು ನೋಡಿದವರಿಗೆ ತಿಳಿಯುತ್ತದೆ.

ಅದೇ ಹೊಲಿಗೆಗಳಿಂದ ಬೇರೆ ಹೂಗಳು

ಪಾರಿಜಾತ ಕೈಗೆ ಬಂದವರಿಗೆ ಸೇವಂತಿಗೆ ಹೊಸದೇನಲ್ಲ. ಲೇಜಿ ಡೇಜಿ ಎಸಳುಗಳನ್ನೇ ಹದಿನಾರು, ಇಪ್ಪತ್ತು ಎಂದು ಹೆಚ್ಚಿಸಿ, ಹೊರಸುತ್ತನ್ನು ಮೊದಲು ಉದ್ದವಾಗಿಯೂ ಒಳಸುತ್ತನ್ನು ಆಮೇಲೆ ಗಿಡ್ಡವಾಗಿಯೂ, ಒಳಗಿನ ಎಸಳು ಹೊರಗಿನ ಎರಡು ಎಸಳುಗಳ ಸಂದಿಯಲ್ಲಿ ಬೀಳುವಂತೆ ಹಾಕಬೇಕು. ಚೆಂಡುಹೂವಿಗೆ ಎಸಳೇ ಬೇಡ, ವೃತ್ತವನ್ನು ಹಳದಿ ಮತ್ತು ಕೇಸರಿ ಗಂಟುಗಳಿಂದ ಒತ್ತಾಗಿ ತುಂಬಿದರಾಯಿತು. ಮಲ್ಲಿಗೆ ಮೊಗ್ಗಿಗೆ ಒಂದರ ಮೇಲೊಂದು ಒರಗಿದ ಎರಡು ಮೂರು ನೇರ ಹೊಲಿಗೆ, ಬುಡದಲ್ಲಿ ಹಸಿರಿನ ಒಂದು ಚುಕ್ಕಿ. ಕರಾವಳಿಯವರು ಅಬ್ಬಲಿಗೆ ಎನ್ನುವ ಕನಕಾಂಬರದ ಎಸಳು ಸುತ್ತಲೂ ಹರಡದೆ ಒಂದೇ ಕಡೆಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಅದನ್ನು ಗಮನಿಸದೆ ವೃತ್ತಾಕಾರವಾಗಿ ಹೊಲಿದರೆ ಬಣ್ಣ ಸರಿಯಿದ್ದರೂ ಯಾರೂ ಅದನ್ನು ಕನಕಾಂಬರವೆಂದು ಒಪ್ಪುವುದಿಲ್ಲ.

ಗುಲಾಬಿಯದು ಮಾತ್ರ ಬೇರೆ ದಾರಿ, ಅದು ಹೊಲಿಗೆಗಿಂತ ನೇಯ್ಗೆಗೆ ಹತ್ತಿರ. ಒಂದು ರೂಪಾಯಿ ನಾಣ್ಯದ ಗಾತ್ರದ ವೃತ್ತ ಬರೆದು, ನಡುವಿನಿಂದ ಅಂಚಿಗೆ ಸಮ ಅಂತರದಲ್ಲಿ ಐದು ನೇರ ಹೊಲಿಗೆಗಳನ್ನು ಚಕ್ರದ ಕಡ್ಡಿಗಳಂತೆ ಹಾಕಬೇಕು. ನಾಲ್ಕು ಎಳೆ ದಾರವನ್ನು ಮೊಂಡು ಸೂಜಿಗೆ ಪೋಣಿಸಿ ನಡುವಿನಲ್ಲಿ ಮೇಲೆ ತಂದು, ಬಟ್ಟೆಗೆ ಚುಚ್ಚದೆ, ಒಂದು ಕಡ್ಡಿಯ ಮೇಲೆ, ಮುಂದಿನದರ ಕೆಳಗೆ ಎಂದು ಸುತ್ತುತ್ತ ಹೋಗಬೇಕು. ಕಡ್ಡಿಗಳ ಸಂಖ್ಯೆ ಬೆಸವೇ ಆಗಿರಬೇಕು; ಸಮಸಂಖ್ಯೆಯಾದರೆ ಪ್ರತಿ ಸುತ್ತಿನಲ್ಲೂ ದಾರ ಅದೇ ಕಡ್ಡಿಯ ಮೇಲೆ, ಅದೇ ಕಡ್ಡಿಯ ಕೆಳಗೆ ಹೋಗಿ ನೇಯ್ಗೆಯೇ ಕೂಡುವುದಿಲ್ಲ. ಮೊದಲ ಎರಡು ಸುತ್ತು ಬಿಗಿಯಾಗಿಯೂ ಮುಂದಿನವು ಕ್ರಮೇಣ ಸಡಿಲವಾಗಿಯೂ ಇದ್ದರೆ ನಡುವೆ ಮೊಗ್ಗು, ಅಂಚಿನಲ್ಲಿ ಅರಳಿದ ಎಸಳು. ಒಳಗೆ ಗಾಢ, ಹೊರಗೆ ತೆಳು ಬಣ್ಣ ಬಳಸಬಹುದು. ಕಡ್ಡಿಗಳು ಕಾಣದಂತಾಗುವವರೆಗೆ ಸುತ್ತಬೇಕು; ಸಾಕೆನಿಸಿದ ಮೇಲೆ ಇನ್ನೊಂದು ಸುತ್ತು ಹಾಕಿ ಎಂಬುದು ನನ್ನ ಸಲಹೆ.

ದಾಸವಾಳವನ್ನು ಕೊನೆಗೆ ಇಟ್ಟದ್ದು ಅದರ ಎಸಳು ಅಗಲವಾದ್ದರಿಂದ. ಅಗಲ ಎಸಳನ್ನು ಸ್ಯಾಟಿನ್ ಹೊಲಿಗೆಯಿಂದ, ಅಂದರೆ ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ನೇರ ದಾರಗಳನ್ನು ಹಾಸಿ ತುಂಬುವ ಆಸೆ ಹೊಸಬರಿಗೆ ಬರುತ್ತದೆ. ಆದರೆ ಒಂದು ಸೆಂಟಿಮೀಟರಿಗಿಂತ ಉದ್ದದ ಸ್ಯಾಟಿನ್ ಹೊಲಿಗೆ ಬಳಕೆಯಲ್ಲಿ ಬಳೆಗೋ ಉಗುರಿಗೋ ಸಿಕ್ಕಿ ಎದ್ದುಬರುತ್ತದೆ. ಇಲ್ಲಿ ಬೇಕಾದದ್ದು ಗಿಡ್ಡ ಮತ್ತು ಉದ್ದ ಹೊಲಿಗೆ. ಮೊದಲು ಎಸಳಿನ ಗೆರೆಯ ಮೇಲೆ ಒಂದೇ ಎಳೆಯಲ್ಲಿ ಸಣ್ಣ ಬ್ಯಾಕ್ ಸ್ಟಿಚ್, ಅಂದರೆ ಮುಂದೆ ಎದ್ದು ಹಿಂದಿನ ಹೊಲಿಗೆಯ ತುದಿಗೆ ಹಿಂದಿರುಗಿ ಇಳಿಯುವ ಹೊಲಿಗೆ, ಹಾಕಿಕೊಂಡರೆ ಅಂಚು ಎತ್ತಿ ನಿಲ್ಲುತ್ತದೆ. ಬಳಿಕ ಎಸಳಿನ ಹೊರ ಅಂಚಿನ ನಡುಭಾಗದಿಂದ ಆರಂಭಿಸಿ, ಒಂದು ಗಿಡ್ಡ ಒಂದು ಉದ್ದ ಎಂಬಂತೆ ಕೆಂಪು ದಾರವನ್ನು ಒಳಮುಖವಾಗಿ ಹಾಕುತ್ತ ಮೊದಲು ಒಂದು ಬದಿಯನ್ನು, ಆಮೇಲೆ ಇನ್ನೊಂದು ಬದಿಯನ್ನು ಮುಗಿಸಬೇಕು. ಪ್ರತಿ ಹೊಲಿಗೆಯೂ ಹೂವಿನ ನಡುವಿನ ಕಡೆಗೇ ಮುಖ ಮಾಡಿರಬೇಕು. ದಾಸವಾಳದ ಎಸಳಿನ ನರಗಳನ್ನು ನೋಡಿದರೆ ಈ ದಿಕ್ಕು ತಾನೇ ತಿಳಿಯುತ್ತದೆ. ಎರಡನೆಯ ಸಾಲಿನಲ್ಲಿ ಒಂದು ಛಾಯೆ ಗಾಢವಾದ ಕೆಂಪನ್ನು ತೆಗೆದುಕೊಂಡು, ಮೊದಲ ಸಾಲಿನ ದಾರಗಳನ್ನೇ ಸೀಳಿಕೊಂಡು ಮೇಲೆ ಬಂದು ನಡುವಿನತ್ತ ಇಳಿಯಬೇಕು. ಹೀಗೆ ಸೀಳುವುದರಿಂದ ಎರಡು ಬಣ್ಣಗಳ ನಡುವೆ ಗಡಿ ಕಾಣುವುದಿಲ್ಲ. ಎಸಳುಗಳು ಒಂದರ ಮೇಲೊಂದು ಬರುವಲ್ಲಿ ಹಿಂದಿನ ಎಸಳನ್ನು ಮೊದಲು ಹೊಲಿಯಬೇಕು.

ಐದು ಎಸಳು ಮುಗಿದ ಮೇಲೆ ನಡುವಿನಿಂದ ಹೊರಚಾಚಿದ ಕೇಸರದಂಡವನ್ನು ಎರಡು ಎಳೆಯ ಕಾಂಡದ ಹೊಲಿಗೆಯಲ್ಲಿ ಹಾಕಿ, ಅದರ ಮೇಲ್ಭಾಗದ ಸುತ್ತ ಒಂದೇ ಎಳೆಯ ಹಳದಿ ಗಂಟುಗಳನ್ನು ಚೆದುರಿಸಿ, ತುತ್ತತುದಿಯಲ್ಲಿ ಐದು ಕೆಂಪು ಗಂಟುಗಳನ್ನು ಇಡಬೇಕು. ತುದಿಯ ಆ ಐದು ಕೆಂಪು ಬೊಟ್ಟುಗಳನ್ನು ಬಹಳಷ್ಟು ಮಾದರಿ ಚಿತ್ರಗಳು ಬಿಟ್ಟುಬಿಡುತ್ತವೆ. ನಿಜವಾದ ಹೂವನ್ನು ಎದುರಿಗಿಟ್ಟುಕೊಂಡವರು ಬಿಡುವುದಿಲ್ಲ.

ತೊಳೆಯುವುದು, ಇಸ್ತ್ರಿ

ಕೆಂಪು ಮತ್ತು ಗಾಢ ನೀಲಿ ದಾರ ಬಣ್ಣ ಬಿಡುವ ಸಾಧ್ಯತೆ ಇರುವುದರಿಂದ, ಕೆಲಸ ಆರಂಭಿಸುವ ಮೊದಲೇ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿಕೊಂಡಿರಬೇಕು. ಮುಗಿದ ಕಸೂತಿಯನ್ನು ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ತೊಳೆದು, ಹಿಂಡದೆ, ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ಒತ್ತಿ ತೆಗೆದು ನೆರಳಿನಲ್ಲಿ ಹರಡಬೇಕು. ಇನ್ನೂ ತುಸು ತೇವವಿರುವಾಗಲೇ ದಪ್ಪ ಟವೆಲ್ಲಿನ ಮೇಲೆ ಹೂವಿನ ಮುಖ ಕೆಳಗಾಗುವಂತೆ ಹಾಸಿ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಗಂಟುಗಳು ಟವೆಲ್ಲಿನೊಳಗೆ ಹುದುಗಿ ಉಬ್ಬು ಉಳಿಸಿಕೊಳ್ಳುತ್ತವೆ. ಮೇಲಿನಿಂದ ಮಾಡಿದರೆ ಗುಲಾಬಿ ಬಿಲ್ಲೆಯಾಗುತ್ತದೆ. ಬೀರುವಿನಲ್ಲಿ ಇಡುವಾಗ ಮಡಿಕೆ ಹೂವಿನ ಮೇಲೆ ಬೀಳದಂತೆ ಮೂರು ಪಾಲಾಗಿ ಮಡಚಿ, ನಡುವೆ ಒಂದು ಹಳೆಯ ಮಲ್ ಬಟ್ಟೆಯ ತುಂಡನ್ನು ಇಡಬೇಕು.